ಉತ್ತರದ ಕಿಟಕಿ

ನನ್ನ ಮೈಯಲ್ಲಿ ಬೆಲ್ಲವಿದೆ ಎಂದರೆ ನೀವು ನಗುತ್ತೀರಿ. ನಗಿರಿ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಅರೆದ ಗಾರೆಯಿಂದಲೇ ಎದ್ದವನು ನಾನು. ಹುಬ್ಬಳ್ಳಿ ಪೇಟೆಯ ನಟ್ಟನಡುವಿನ ಎರಡಂತಸ್ತಿನ ಮಳಿಗೆ. ಕೆಳಗೆ ಕಲ್ಲಿನ ಕಮಾನು, ಮೇಲೆ ಸಾಗುವಾನಿ ತೊಲೆ. ಕಟ್ಟಿಸಿದ ಗುರುಪಾದಪ್ಪ ಅರಳೆ ವ್ಯಾಪಾರಿ. ಗೋಡೆ ತಾಳದು ಎಂದು ಮೇಸ್ತ್ರಿ ಬಡಕೊಂಡರೂ ಕೇಳದೆ, ಮಾಳಿಗೆಯಲ್ಲಿ ಬೀದಿ ಕಡೆಗೆ, ಅಂದರೆ ಉತ್ತರಕ್ಕೆ, ಗೋಡೆಯಗಲ ಕಿಟಕಿ ಇಡಿಸಿದ. ಅರಳೆಯ ಬಣ್ಣ ನೋಡಲು ಬಿಸಿಲು ಬೀಳದ ಆ ತಣ್ಣನೆಯ ಬೆಳಕೇ ಬೇಕಂತೆ. ಆ ಕಿಟಕಿಯ ಬಗ್ಗೆ ನನಗೆ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಅರಳೆ ವ್ಯಾಪಾರ ನಿಂತಿತು. ಅದೇ ಕಿಟಕಿಗೆ ಮನಸೋತು ರಫೂ ಕೆಲಸದ ಜೈನಾಬಿ ಮಾಳಿಗೆಯನ್ನು ಬಾಡಿಗೆಗೆ ಹಿಡಿದಳು. ಹರಿದ ಬಟ್ಟೆಗೆ ಅದೇ ಬಣ್ಣದ ನೂಲು ಹುಡುಕಿ, ಹರಿದದ್ದೇ ತಿಳಿಯದಂತೆ ಕೂಡಿಸುವಳು. ಮೂವತ್ತು ವರ್ಷ ನಾವಿಬ್ಬರೇ. ನೂಲನ್ನು ಬೆಳಕಿಗೆ ಹಿಡಿದು ಅವಳು ತನ್ನಷ್ಟಕ್ಕೆ ಮಾತಾಡುವಳು, ನಾನು ಕೇಳುವೆನು.

ಆಮೇಲೆ ಗುರುಪಾದಪ್ಪನ ಮೊಮ್ಮಗ ಪ್ರಭುವಿನ ಕಾಲ. ನನ್ನ ಮುಖ ಹಳತಾಯಿತೆಂದು ಮುಂಭಾಗಕ್ಕೆಲ್ಲ ಹೊಳೆಯುವ ತಗಡು ಹೊಡೆಸಲು ಹೊರಟ.

"ಸಾವಕಾರ್ರ, ಕಿಟಕಿ ಒಂದ ಬಿಡ್ರಿ. ಬೆಳಕಿಲ್ಲಂದ್ರ ನನ್ನ ಕೆಲಸ ಮುಗದಂಗ," ಎಂದು ಜೈನಾಬಿ ಕೈಮುಗಿದಳು.

"ಟ್ಯೂಬ್‌ಲೈಟ್ ಹಾಕಸ್ತೀನಿ ಬಿಡ ಚಾಚಿ. ಇನ್ನೂ ಚಂದ ಕಾಣತೈತಿ," ಎಂದ ಪ್ರಭು. ಕಿಟಕಿ ಮುಚ್ಚಿಹೋಯಿತು.

ತಿಂಗಳೊಳಗೆ ವಕೀಲರೊಬ್ಬರು ಕರಿಕೋಟು ಹಿಡಿದು ಮೆಟ್ಟಿಲೇರಿ ಬಂದರು. "ಏನ್ ಚಾಚಿ ಇದು? ಕರೇ ಕೋಟಿಗೆ ನೀಲಿ ನೂಲು ಹಾಕೀಯಲ್ಲ! ಕೋರ್ಟಿನಾಗ ಎಲ್ಲಾರೂ ನಕ್ಕರು."

ಜೈನಾಬಿ ಕೋಟನ್ನು ಟ್ಯೂಬಿನ ಕೆಳಗೆ ಹಿಡಿದಳು. ಅವಳಿಗೂ ನೂಲು ಕರಿಯಾಗಿಯೇ ಕಂಡಿತು, ನನಗೂ. "ಇಲ್ಲ ಸಾಹೇಬ್ರ, ಕರೇದ..." ಎಂದವಳು ಸೂಜಿ ಕೈಗೆತ್ತಿಕೊಂಡಳು. ಎಳೆ ಎಳೆಯಾಗಿ ನೂಲು ಬಿಚ್ಚಿ ಕೋಟು ಮರಳಿಸಿದಳು. ಸೂಜಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಇಳಿದು ಹೋದಳು. ಮತ್ತೆ ಬರಲಿಲ್ಲ.

ವಕೀಲರ ಮೇಲೆ ನನಗೆ ಎಂಥ ಸಿಟ್ಟು! ಸುಳ್ಳು ಹೇಳಿ ಬಡಪಾಯಿಯ ಹೊಟ್ಟೆ ಮೇಲೆ ಹೊಡೆದರೆಂದು ವರ್ಷಗಟ್ಟಲೆ ಶಪಿಸಿದೆ.

ಈಗ ಕೆಳಗೆ ಮೊಬೈಲ್ ಅಂಗಡಿಯ ಗದ್ದಲ. ಮೇಲೆ ಕತ್ತಲು, ನಾನು. ಜನ ತಗಡು ನೋಡಿ ಅದನ್ನೇ ನಾನೆಂದುಕೊಳ್ಳುತ್ತಾರೆ. ಅವಳಿದ್ದಿದ್ದರೆ ಎಂದು ದಿನಕ್ಕೆ ನೂರು ಸಲ ಅನಿಸುತ್ತದೆ.

ಹೋದ ವಾರ ಗಾಳಿಗೆ ಒಂದು ತಗಡು ಸಡಿಲಾಗಿ ಬೆರಳಗಲದ ಬೆಳಕು ಒಳಬಂತು. ಅವಳು ಕೂರುತ್ತಿದ್ದ ಜಾಗ ಕಂಡಿತು. ಅಂದು ಕೋಟಿನಿಂದ ಬಿಚ್ಚಿದ ನೂಲಿನ ತುಂಡೊಂದು ನೆಲದ ಸಂದಿನಲ್ಲಿ ಇನ್ನೂ ಬಿದ್ದಿತ್ತು.

ಅಯ್ಯೋ, ಅದು ನೀಲಿಯೇ.