ಥಾರ್ಕ್‌ಲಿಗೊಂದು ಸೂರು

ಥಾರ್ಕ್‌ಲಿ ಫೈನಲ್ಲಿಗೆ ಬಂದಿತ್ತು! ಇಂಗ್ಲೆಂಡಿನ ಅತ್ಯಂತ ನೀರಸ ಊರು ಯಾವುದೆಂದು ಹುಡುಕಲು ಲಂಡನ್ನಿನ ಪತ್ರಿಕೆಯೊಂದು ನಡೆಸುತ್ತಿದ್ದ ಸ್ಪರ್ಧೆಯಲ್ಲಿ ಈಗ ಉಳಿದದ್ದು ಎರಡೇ ಊರು. ಗುಡ್ಡದಾಚೆಯ ಸ್ಕೆಲ್‌ಡನ್, ಈಚೆಯ ಥಾರ್ಕ್‌ಲಿ. ಅರ್ಜಿ ಹಾಕಿದವಳೇ ಮೇವಿಸ್. ಎಪ್ಪತ್ತೊಂದು ವರ್ಷದ ಆ ಹೆಂಗಸು ಮಂಡಿನೋವನ್ನೂ ಮರೆತು, ಕಾಗದ ಎತ್ತಿ ಹಿಡಿದು, ಮಾಂಸ ತುಂಬಿದ ಕಡುಬಿನಂಥ ಪೈ ಮಾರುವ ನಾರ್ಮನ್ನನ ಅಂಗಡಿಗೆ ಓಡಿದಳು.

"ನಾರ್ಮನ್! ಏ ನಾರ್ಮನ್! ನಮ್ಮೂರಿನಷ್ಟು ದರಿದ್ರ ಊರು ಇಡೀ ದೇಶದಲ್ಲಿ ಇನ್ನೊಂದೇ ಇರೋದಂತೆ ಕಣೋ!"

"ಇನ್ನೊಂದು ಬೇರೆ ಇದೆಯಾ?" ನಾರ್ಮನ್ ಹಿಟ್ಟಿನ ಕೈ ಒರೆಸಿಕೊಂಡ. "ಏನೋ ಮೋಸ ನಡೆದಿದೆ ಬಿಡು."

ಗೆದ್ದ ಊರಿಗೆ ಅದು ಕೇಳಿದ ಒಂದು ರಿಪೇರಿಯನ್ನು ಪತ್ರಿಕೆಯವರು ಮಾಡಿಸಿಕೊಡುತ್ತಿದ್ದರು. ಮೇವಿಸ್ ಕೇಳಿದ್ದು ಬಸ್ ಸ್ಟಾಪಿನ ಸೂರು. ಹನ್ನೊಂದು ವರ್ಷದ ಹಿಂದೆ ಅದು ಗಾಳಿಗೆ ಹಾರಿಹೋದಾಗಿನಿಂದ ನಾಲ್ಕು ಕಂಬ ಮಾತ್ರ ನಿಂತಿದ್ದವು. ವಾರಕ್ಕೆರಡು ಸಲ ಮಂಡಿ ತೋರಿಸಲು ಆಸ್ಪತ್ರೆಗೆ ಹೋಗುವ ಮೇವಿಸ್ ಅಲ್ಲಿ ನೆನೆದು ತೊಪ್ಪೆಯಾಗಿ, ವಾಸಿಯಾದದ್ದಕ್ಕಿಂತ ಹೆಚ್ಚು ನೋವು ಹೊತ್ತು ಮನೆಗೆ ಬರುತ್ತಿದ್ದಳು.

ಆ ಊರಿನವರ ಬಾಯಲ್ಲಿ ಹೊಗಳಿಕೆ ಹೊರಡುವುದೇ ಇಲ್ಲ. 'ಪರವಾಗಿಲ್ಲ' ಎಂದರೆ ಅದೇ ಶಿಖರ, ಅದರಾಚೆಗೆ ಶಬ್ದವಿಲ್ಲ. ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಮೇವಿಸ್‌ಳನ್ನು ನೋಡಿ ಅವಳ ಗಂಡ ಹ್ಯಾರಲ್ಡ್ "ಪರವಾಗಿಲ್ಲ" ಎಂದಿದ್ದ. ಆ ಒಂದು ಮಾತಿನ ಬಲದ ಮೇಲೆ, ಅವನು ಸಾಯುವವರೆಗೆ, ಅವಳು ನಲವತ್ತು ವರ್ಷ ಸಂಸಾರ ಮಾಡಿದ್ದಳು. ನಾರ್ಮನ್ನನ ಪೈಗಂತೂ ಅಷ್ಟೂ ದಕ್ಕಿರಲಿಲ್ಲ. ಮೂವತ್ತು ವರ್ಷದಿಂದ ದಿನಾ ಒಂದು ಕೊಂಡು, ದಿನಾ "ಬೂಟಿನ ಅಟ್ಟೆ" ಎಂದು ಬೈದು, ಚೂರೂ ಬಿಡದೆ ತಿನ್ನುತ್ತಿದ್ದಳು.

ಗುರುವಾರ ತೀರ್ಪುಗಾರ ಬಂದ. ಹೆಸರು ಜೂಲಿಯನ್, ಕಣಕಾಲು ಕಾಣುವ ಪ್ಯಾಂಟು, ಕೈಯಲ್ಲಿ ಸಣ್ಣ ಪುಸ್ತಕ. ಮೇವಿಸ್ ಅವನನ್ನು ಉತ್ಸಾಹದಿಂದ ಊರೆಲ್ಲ ಎಳೆದಾಡಿದಳು.

"ನೋಡು ಮಗಾ, ಟೌನ್ ಹಾಲ್ ಗಡಿಯಾರ. ಒಂಬತ್ತು ವರ್ಷದಿಂದ ನಾಲ್ಕೂ ಹತ್ತು!"

"ಅದ್ಭುತ," ಎಂದು ಅವನು ಬರೆದುಕೊಂಡ.

"ಇದು ಹತ್ತಿ ಗಿರಣಿ. ಮುಚ್ಚಿತು. ಆಮೇಲೆ ಜಮಖಾನದ ಅಂಗಡಿ ಆಯ್ತು. ಅದೂ ಮುಚ್ಚಿತು. ಇಲ್ಲಿ ಕಾಲುವೆ, ಒಳಗೆ ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿ. ವಾಸನೆ ಬಂತಾ? ಚೆನ್ನಾಗಿ ಎಳ್ಕೋ!"

ಪುಟ ತಿರುವಿದಂತೆಲ್ಲ ಅಂಕ ಏರುತ್ತಿತ್ತು. ಮೇವಿಸ್‌ಳ ಕಣ್ಣು ಆ ಪುಸ್ತಕದ ಮೇಲೆಯೇ ಇತ್ತು. ಪೈ ಅಂಗಡಿ ತಲುಪುವಷ್ಟರಲ್ಲಿ ಜೂಲಿಯನ್ ಕೂಡಿಸಿ ಹೇಳಿದ: "ಸ್ಕೆಲ್‌ಡನ್‌ಗೆ ಎಂಬತ್ತಾರು. ನಿಮಗೆ ಈಗಲೇ ಎಂಬತ್ತೈದು, ಮೇಡಂ. ಊಟದ್ದು ಬಾಕಿ, ಹತ್ತಕ್ಕೆ."

ನಾರ್ಮನ್ ಬಿಸಿ ಪೈ ಮೇಲೆ ಗ್ರೇವಿ ಸುರಿದು ಮುಂದಿಟ್ಟ. ಜೂಲಿಯನ್ ಒಂದು ತುತ್ತು ಅಗಿದ. ಇನ್ನಷ್ಟು ಅಗಿದ. ಕಣ್ಣು ಅರಳಿಸಿ ಮೇಜು ಕುಟ್ಟಿದ.

"ಹತ್ತಕ್ಕೆ ಹತ್ತು! ಬೂಟಿನ ಅಟ್ಟೆ ತಿಂದ ಹಾಗಿದೆ! ಗೆದ್ರಿ ನೀವು!"

ಗೆದ್ದರು! ಸೂರು ಬಂತು! ಮೇವಿಸ್ ಎದ್ದು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅವಳ ಕಣ್ಣು ನಾರ್ಮನ್ನನ ಮೇಲೆ ಬಿತ್ತು. ದಿನಾ ಅದೇ ಬೈಗುಳ ಕೇಳಿ ಹಲ್ಲು ಕಿಸಿಯುತ್ತಿದ್ದವನು ಈಗ ತಲೆ ತಗ್ಗಿಸಿ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದ.

"ಇಲ್ಲಿ ಒಂದು ಸಹಿ ಹಾಕಿ," ಎಂದು ಜೂಲಿಯನ್ ಹಾಳೆ ಚಾಚಿದ. "ಅಲ್ಲಾ, ಇಂಥ ಊರಲ್ಲಿ ಜನ ಅದು ಹೇಗಾದ್ರೂ ಇರ್ತಾರೋ!"

ಹೆತ್ತವರಿಗೆ ಹೆಗ್ಗಣ ಮುದ್ದು. ಮೇವಿಸ್ ಪೆನ್ನು ಕೆಳಗಿಟ್ಟಳು.

"ಏನಂದೆ?"

"ಅಲ್ಲ, ನೀವೇ ತಾನೇ..."

"ನಾನು ಹೇಳ್ತೀನಿ! ನಾನು ಹುಟ್ಟಿದ್ದು ಇಲ್ಲಿ, ಸಾವಿರ ಹೇಳ್ತೀನಿ! ನೀನು ಯಾವನೋ ಹೇಳೋಕೆ? ಆ ಗಡಿಯಾರಕ್ಕೆ ಕೀಲಿ ಕೊಡ್ತಿದ್ದವನು ನನ್ನ ಗಂಡ. ಅವನು ಸತ್ತ ಮೇಲೆ ಈ ಊರಲ್ಲಿ ಒಬ್ಬನೂ ಅದನ್ನ ಮುಟ್ಟೋಕೆ ಒಪ್ಪಲಿಲ್ಲ, ಗೊತ್ತಾ? ಕಾಲುವೇಲಿರೋ ತಳ್ಳುಗಾಡೀಲಿ ಬಾತುಕೋಳಿ ಮೂರು ವರ್ಷದಿಂದ ಮರಿ ಮಾಡ್ತಿದೆ. ಅದಕ್ಕೇ ತೆಗೆದಿಲ್ಲ! ಗಿರಣಿ ಮುಚ್ಚಿದ ಚಳಿಗಾಲ ಇದೇ ನಾರ್ಮನ್ ಮನೆಮನೆಗೂ ಪೈ ಕೊಟ್ಟ, ಯಾರ ಹತ್ರಾನೂ ಕಾಸು ಕೇಳಲಿಲ್ಲ. ಅಟ್ಟೆಯಂತೆ! ನಿನ್ನ ಹಲ್ಲಿಗೆ ಕಸುವಿಲ್ಲ, ಹೋಗು!"

ಬೀದಿಯವರೆಲ್ಲ ಕಿಟಕಿಗೆ ಮೂಗು ಒತ್ತಿ ನಿಂತಿದ್ದರು. ಯಾರೋ ಸಿಳ್ಳೆ ಹಾಕಿದರು. ಜೂಲಿಯನ್ ನಿಧಾನವಾಗಿ ಹಾಳೆ ಮಡಚಿದ.

"ನೀರಸ ಊರಲ್ಲಿ ಇಷ್ಟು ರಂಪ ಆಗಲ್ಲ ಮೇಡಂ," ಎಂದ. ಬಹುಮಾನ ಗುಡ್ಡ ಹತ್ತಿ ಸ್ಕೆಲ್‌ಡನ್ನಿಗೆ ಇಳಿಯಿತು.

ಮರುದಿನ ಶುಕ್ರವಾರ, ಆಸ್ಪತ್ರೆಯ ದಿನ. ಮಳೆ ಧೋ ಎಂದು ಹೊಡೆಯುತ್ತಿತ್ತು. ತನ್ನೊಬ್ಬಳ ನಾಲಿಗೆಯಿಂದ ಊರೇ ನೆನೆಯಬೇಕಾಯಿತಲ್ಲ ಎಂದು ಮೇವಿಸ್‌ಗೆ ನಾಚಿಕೆಯಾಗಿತ್ತು. ಯಾರ ಮುಖವನ್ನೂ ನೋಡಬಾರದೆಂದು ನೆಲ ನೋಡುತ್ತಲೇ ಬಸ್ ಸ್ಟಾಪಿಗೆ ಬಂದಳು.

ಅಲ್ಲಿ ನೆಲ ಒಣಗಿತ್ತು.

ತಲೆಯೆತ್ತಿದಳು. ನಾಲ್ಕು ಕಂಬಕ್ಕೆ ಬಿಗಿದು ಕಟ್ಟಿದ್ದ ಕೆಂಪು ಬಿಳಿ ಪಟ್ಟೆಯ ಬಟ್ಟೆ. ಪೈ ಅಂಗಡಿಯ ಮುಂದೆ ನೆರಳಿಗೆ ಕಟ್ಟಿರುತ್ತಿದ್ದದ್ದು. ಅದರಡಿಯಲ್ಲಿ ಎಂಟು ಜನ ಸಾಲಾಗಿ ನಿಂತಿದ್ದರು. ಅವಳನ್ನು ನೋಡಿದ್ದೇ ಸರಿದು ನಡುವೆ ಜಾಗ ಬಿಟ್ಟರು. ಹಗ್ಗದ ಕೊನೆ ಹಿಡಿದ ನಾರ್ಮನ್ ಮಾತ್ರ ಹೊರಗೆ ನೆನೆಯುತ್ತಿದ್ದ.

"ಹೇಗಿದೆಯೇ?" ಎಂದ.

ಮೇವಿಸ್ ನೋಡಿದಳು. ಒಂದು ಮೂಲೆ ಜೋಲುಬಿದ್ದಿತ್ತು. ಸರಿಯಾಗಿ ಅವಳ ನೆತ್ತಿಯ ಮೇಲೆಯೇ ತೊಟ್ಟಿಕ್ಕುತ್ತಿತ್ತು.

"ಸೋರ್ತಿದೆ," ಎಂದಳು. ನೆತ್ತಿ ಒರೆಸಿಕೊಂಡಳು. "ಪರವಾಗಿಲ್ಲ."

ನಾರ್ಮನ್ ಕಿವಿಯವರೆಗೂ ಕೆಂಪಾಗಿ, ಬಿಗಿಯಾಗಿಯೇ ಇದ್ದ ಗಂಟನ್ನು ಇನ್ನೊಮ್ಮೆ ಬಿಗಿದ.