ವರ್ಡೀ ಹಾಲ್ಕಂಬ್ ಸುತ್ತಿದ ಗೋಡೆ

೧

ಈ ಕಥೆಯನ್ನು ಭಾನುವಾರದಿಂದ ಶುರುಮಾಡಬೇಕೋ ಶುಕ್ರವಾರದಿಂದಲೋ ಎಂದು ಬಹಳ ಯೋಚಿಸಿದೆ. ಭಾನುವಾರದಿಂದಾದರೆ ಕ್ರಮ ಸರಿಯಿರುತ್ತದೆ. ಶುಕ್ರವಾರದಿಂದಾದರೆ ನೀವು ಓದುತ್ತೀರಿ. ನಾನು ಇಪ್ಪತ್ತಮೂರು ವರ್ಷದಿಂದ ಜಿಲ್ಲೆಯ ನೀರಿನ ಪ್ರಯೋಗಾಲಯದಲ್ಲಿ ಮಾದರಿಗಳನ್ನು ಪರೀಕ್ಷಿಸುವವನು. ಕ್ರಮ ತಪ್ಪಿದರೆ ಊಟ ಸೇರುವುದಿಲ್ಲ. ಆದ್ದರಿಂದ ಭಾನುವಾರ.

(ಇದು ಆರಂಭವಲ್ಲ, ಆರಂಭದ ಬಗ್ಗೆ ಒಂದು ಟಿಪ್ಪಣಿ. ಇನ್ನೂ ಲೆಕ್ಕಕ್ಕೆ ಹಿಡಿಯಬೇಡಿ.)

೨

ಮೊದಲ ಕರಡು ಹೀಗಿತ್ತು: “ಕೆಂಟಕಿಯ ಬೆಟ್ಟಗಳ ಮೇಲೆ ಮಂಜು ಇಳಿಯುತ್ತಿರಲು, ಅಂಧಕಾರದ ಶಕ್ತಿಗಳ ಎದುರು ವೃದ್ಧ ಯೋಧೆಯೊಬ್ಬಳು ಏಕಾಂಗಿಯಾಗಿ...”

ಸಿಸ್ಟರ್ ವರ್ಡೀ ಹಾಲ್ಕಂಬ್ ಇದನ್ನು ಓದಿದರು. (ನಮ್ಮ ಚರ್ಚಿನಲ್ಲಿ ಎಲ್ಲರೂ ಬ್ರದರ್, ಸಿಸ್ಟರ್‌ಗಳೇ.)

“ಯಾರಪ್ಪಾ ವೃದ್ಧೆ?”

ಅವರಿಗೆ ಎಪ್ಪತ್ತನಾಲ್ಕು. ಹೊಡೆದುಹಾಕಿದೆ.

“ಏಕಾಂಗಿ ಅಂತೆ. ನಾವು ಹನ್ನೊಂದು ಜನ ಇದ್ವಿ. ನೀನೂ ಇದ್ದೆ, ನನ್ನ ಹಿಂದೇನೇ, ಮೂಗು ಸೊರ್ ಸೊರ್ ಅನ್ನಿಸ್ಕೊಂಡು.”

ಅದನ್ನೂ ಹೊಡೆದುಹಾಕಿದೆ. (ಪಾತ್ರಗಳಿಗೆ ಕರಡು ತೋರಿಸಬಾರದು ಎಂಬುದು ನನಗೂ ಗೊತ್ತು. ಆದರೆ ಸಿಸ್ಟರ್ ವರ್ಡೀ ನನ್ನ ಅಡಿಗೆಮನೆಗೆ ಬಾಗಿಲು ತಟ್ಟದೆ ಬರುತ್ತಾರೆ. ಬಂದವರು ಮೇಜಿನ ಮೇಲಿದ್ದದ್ದನ್ನು ಓದದೆ ಹೋಗುವುದಿಲ್ಲ.)

೩

ಹಾಗಾದರೆ ಬರೀ ಸಂಗತಿಗಳು.

ಕೆಂಟಕಿಯ ನಮ್ಮ ಊರು ಹಾರ್ಲೋ ಗ್ಯಾಪಿನ ಮುಖ್ಯ ಬೀದಿಯಲ್ಲಿ ಒಂದು ಇಟ್ಟಿಗೆಯ ಕಟ್ಟಡವಿದೆ. ಸುತ್ತಳತೆ ಇನ್ನೂರ ಹನ್ನೆರಡು ಅಡಿ. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಅದು ನಮ್ಮ ಸಭೆಯ ಚರ್ಚಾಗಿತ್ತು. ಸಿಸ್ಟರ್ ವರ್ಡೀ ದೀಕ್ಷಾಸ್ನಾನ ಪಡೆದದ್ದು, ಮದುವೆಯಾದದ್ದು, ಒಬ್ಬಳೇ ಮಗಳ ಶವಪೆಟ್ಟಿಗೆಯ ಮುಂದೆ ನಿಂತದ್ದು, ಎಲ್ಲಾ ಅಲ್ಲೇ. ಜನ ಕಡಿಮೆಯಾಗುತ್ತಾ ಬಂದು ಹತ್ತೊಂಬತ್ತಕ್ಕೆ ಇಳಿದಾಗ ಕಟ್ಟಡ ಮಾರಿದೆವು. ಈಗ ಹೆದ್ದಾರಿಯ ಪಕ್ಕ, ಹಿಂದೆ ಟೈರ್ ಅಂಗಡಿಯಾಗಿದ್ದ ಕಡೆ ಆರಾಧನೆ ಮಾಡುತ್ತೇವೆ. ಮಳೆ ಬಂದರೆ ರಬ್ಬರಿನ ವಾಸನೆ ಏಳುತ್ತದೆ.

ಇಟ್ಟಿಗೆಯ ಕಟ್ಟಡದಲ್ಲಿ ಈಗ ಹರಳು, ಧೂಪ, ಭವಿಷ್ಯ ಹೇಳುವ ಟ್ಯಾರೋ ಎಲೆಗಳನ್ನು ಮಾರುತ್ತಾರೆ. ಮಂಗಳವಾರ ಯೋಗ. ಕಿಟಕಿಯಲ್ಲಿ ಕಾಮನಬಿಲ್ಲಿನ ಬಾವುಟ. ದೀಕ್ಷಾಸ್ನಾನದ ತೊಟ್ಟಿಗೆ ಉಪ್ಪುನೀರು ತುಂಬಿಸಿದ್ದಾರೆ; ಒಂದು ಗಂಟೆ ದೀಪ ಆರಿಸಿಕೊಂಡು ಅದರಲ್ಲಿ ತೇಲಬಹುದು. ಆ ನೀರಿನ ಮಾದರಿಯನ್ನು ನಾನೇ ಪರೀಕ್ಷಿಸಿದ್ದೆ. ಶುದ್ಧವಾಗಿತ್ತು. ಸಿಸ್ಟರ್ ವರ್ಡೀಗೆ ಹಾಗೆಂದಾಗ ಅವರು ನನ್ನನ್ನು ಬಹಳ ಹೊತ್ತು ನೋಡಿದರು.

ಅಂಗಡಿ ನಡೆಸುವವಳು ರೇಲಿನ್. ವಯಸ್ಸು ಇಪ್ಪತ್ತೇಳು. ಸಿಸ್ಟರ್ ವರ್ಡೀಯ ಮೊಮ್ಮಗಳು. ತಾಯಿ ಎದೆಯ ಕ್ಯಾನ್ಸರಿನಿಂದ ಮೂವತ್ತೆಂಟಕ್ಕೆ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅಜ್ಜಿಯೇ.

೫

(ನಾಲ್ಕನೆಯದರಲ್ಲಿ ಪಶ್ಚಿಮದ ಸಮಾಜ ಐವತ್ತು ವರ್ಷದಲ್ಲಿ ಹೇಗೆ ಬದಲಾಯಿತು ಎಂದು ಎರಡು ಪುಟ ಬರೆದಿದ್ದೆ. ಅಂಕಿಅಂಶಗಳೂ ಇದ್ದವು. ಗಣಿಯಿಂದ ನಿವೃತ್ತರಾದ ನಮ್ಮ ಬ್ರದರ್ ಎಲ್ಡನ್ ಓದುತ್ತಾ ಓದುತ್ತಾ ನಿದ್ದೆಹೋದರು. ತೆಗೆದಿದ್ದೇನೆ.)

೬

ಭಾನುವಾರ ಸಿಸ್ಟರ್ ವರ್ಡೀ ಆ ಅಂಗಡಿಯ ಮೇಲೆ ಆತ್ಮಿಕ ಯುದ್ಧ ಘೋಷಿಸಿದರು. ಬೈಬಲಿನಲ್ಲಿ ದೇವರ ಜನ ಸುತ್ತು ಹಾಕಿಯೇ ಗೋಡೆ ಬೀಳಿಸಿದ ಯೆರಿಕೋ ಪಟ್ಟಣಕ್ಕೆ ಮಾಡಿದಂತೆಯೇ: ಆರು ದಿನ ದಿನಕ್ಕೊಂದು ಸುತ್ತು, ಏಳನೆಯ ದಿನ ಏಳು ಸುತ್ತು, ಕೊಂಬು, ಆರ್ಭಟ. ಅಲ್ಲಿಯವರೆಗೆ ಬಾಯಿ ಬಿಡುವಂತಿಲ್ಲ.

“ಮನೇಲಿ ಬೆಕ್ಕಿನ ಹತ್ರ ಮಾತಾಡಬಹುದಾ, ಸಿಸ್ಟರ್?” ಎಂದರು ಬ್ರದರ್ ಎಲ್ಡನ್.

“ನಿಮ್ಮ ಬೆಕ್ಕು ಗೋಡೆ ಒಳಗಿದೆಯಾ?”

“ಇಲ್ಲ.”

“ಹಾಗಾದ್ರೆ ಮಾತಾಡಿ. ಗೋಡೆ ಒಳಗಿರೋರ ಹತ್ರ ಮಾತ್ರ ಏಳು ದಿನ ಒಂದಕ್ಷರ ಇಲ್ಲ. ಫೋನೂ ಇಲ್ಲ. ನಡೆಯೋವಾಗ ಯಾರ ಹತ್ರಾನೂ ಇಲ್ಲ.”

“ಪೋಸ್ಟಿನವನು ಗುಡ್ ಮಾರ್ನಿಂಗ್ ಅಂದ್ರೆ? ತಲೆ ಆಡ್ಸಬಹುದಾ?”

“ತಲೆ ಆಡ್ಸೋದೂ ಮಾತೇ.”

“ಸೀನು?”

“ಎಲ್ಡನ್, ನೀವು ದೇವರ ಸೈನ್ಯದಲ್ಲಿದ್ದೀರೋ, ಇಲ್ಲ ಚೌಕಾಸಿ ಮಾಡೋಕೆ ಬಂದಿದ್ದೀರೋ?”

ನಗಬಹುದು, ನಾವೂ ನಕ್ಕೆವು. ಆದರೆ ಮರುದಿನ ಬೆಳಿಗ್ಗೆ ಏಳಕ್ಕೆ ಸಾಲುಗಟ್ಟಿ ನಿಂತಾಗ ಯಾರೂ ನಗಲಿಲ್ಲ. ತಮ್ಮ ಕಣ್ಣೆದುರೇ ಕೈಬಿಟ್ಟು ಹೋದ ಒಂದು ಲೋಕಕ್ಕಾಗಿ ನೋಯುವ ಮೊಣಕಾಲುಗಳನ್ನು ಎಳೆದುಕೊಂಡು ನಡೆಯುವ ಜನರ ಸಾಲಿನಲ್ಲಿ ನೀವು ನಿಂತಿದ್ದೀರಾ? ನಾನು ನಿಂತಿದ್ದೇನೆ. ಅಲ್ಲಿ ಒಂದು ಬಲವಿದೆ. ಅದನ್ನು ಅಳೆಯುವ ಉಪಕರಣ ನಮ್ಮ ಪ್ರಯೋಗಾಲಯದಲ್ಲಿಲ್ಲ. ಅಳೆಯಲಾಗದ್ದನ್ನು ಇಲ್ಲವೆಂದು ಬರೆಯುವುದು ಕೆಟ್ಟ ವಿಜ್ಞಾನ.

(ಭಾನುವಾರದ ಸುತ್ತು ಆರಾಧನೆ ಮುಗಿದ ಕೂಡಲೇ ಆಗಿತ್ತು. ಲೆಕ್ಕ ಇಡುವವರಿಗಾಗಿ: ಭಾನುವಾರ ಒಂದನೆಯ ದಿನ, ಶನಿವಾರ ಏಳನೆಯದು.)

ಪಾಸ್ಟರ್ ಟ್ರಾಯ್ ಮುಂದೆ, ಟಗರಿನ ಕೊಂಬು ಹಿಡಿದು. ದಿನಾ ಶುರುವಿಗೆ ಒಂದು ಸಲ ಊದುತ್ತಿದ್ದರು. ಕರು ಕೂಗಿದಂತೆ ಕೇಳುತ್ತಿತ್ತು. ಶನಿವಾರದ ನೀಳ ನಾದಕ್ಕೆ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆಂದು ಅವರ ಹೆಂಡತಿ ದೂರಿದ್ದರು.

೭

ಸೋಮವಾರ ರೇಲಿನ್ ಮೆಟ್ಟಿಲಿನ ಮೇಲೆ ಕಾಫಿ ಹಿಡಿದು ನಿಂತು, “ಅಜ್ಜಿ, ಸ್ವೆಟರ್ ಹಾಕ್ಕೊಂಡಿಲ್ವಲ್ಲೇ!” ಎಂದಳು. ಸಾಲು ಮುಂದಕ್ಕೆ ಹೋಯಿತು. ಮಂಗಳವಾರ, “ನನ್ನ ಅಂಗಡಿ ಬೀಳ್ಸೋಕೆ ಬಂದಿದ್ದೀಯ, ಸರಿ. ಗುಡ್ ಮಾರ್ನಿಂಗ್ ಅಂದ್ಬಿಟ್ಟು ಬೀಳ್ಸು” ಎಂದಳು.

ಬುಧವಾರ ಅವಳ ಕೈಯಲ್ಲಿ ಕಾಫಿ ಇರಲಿಲ್ಲ. ಅಜ್ಜಿಯ ಪಕ್ಕಪಕ್ಕದಲ್ಲೇ ನಡೆದಳು.

“ಎದೇಲಿ ಗಂಟು ಸಿಕ್ಕಿದೆ, ಅಜ್ಜಿ. ಎಡಗಡೆ. ಅಮ್ಮಂಗೆ ಇದ್ದ ಜಾಗದಲ್ಲೇ. ಶುಕ್ರವಾರ ಹತ್ತು ಗಂಟೆಗೆ ಲೆಕ್ಸಿಂಗ್ಟನ್‌ನಲ್ಲಿ ಆಸ್ಪತ್ರೇಲಿ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡ್ತಾರಂತೆ. ನೀನು ಬಾ. ಮಾತಾಡ್ಬೇಡ, ನಿನ್ನ ರೂಲ್ಸು ನಂಗೊತ್ತು. ತಲೆ ಆಡ್ಸು, ಸಾಕು.”

ಸಿಸ್ಟರ್ ವರ್ಡೀಯ ಕುತ್ತಿಗೆಯ ನರ ಎದ್ದು ನಿಂತದ್ದನ್ನು ನಾನು ಹಿಂದಿನಿಂದ ನೋಡಿದೆ. ತಲೆ ಆಡಲಿಲ್ಲ. ಉತ್ತರದ ಮೂಲೆ ಬಂತು, ತಿರುಗಿದೆವು. ರೇಲಿನ್ ತಿರುಗಲಿಲ್ಲ.

ಗುರುವಾರ ಅವಳು ಹೊರಗೇ ಬರಲಿಲ್ಲ.

೮

ಇಲ್ಲಿ ಕಥೆ ನಿಂತಿತು. ನಿಲ್ಲಿಸಿದ್ದು ನಾನು. ಗುರುವಾರ ಮಧ್ಯಾಹ್ನ ಮೂರು ಅಂತ್ಯಗಳನ್ನು ಬರೆದು ಮೇಜಿನ ಮೇಲಿಟ್ಟಿದ್ದೆ. ಸಿಸ್ಟರ್ ವರ್ಡೀ ಬಂದರು, ಕುರ್ಚಿ ಎಳೆದುಕೊಂಡರು, ಕೈಗೆ ಸಿಕ್ಕಿದ ಕ್ರಮದಲ್ಲಿ ಓದತೊಡಗಿದರು.

(ಗುರುವಾರ ಮುಗಿಯದೆಯೇ ಶುಕ್ರವಾರವನ್ನು ಹೇಗೆ ಬರೆದೆ ಎಂದು ಕೇಳಬೇಡಿ. ಕಥೆಗಾರರಿಗೆ ಅಷ್ಟು ರಿಯಾಯಿತಿ ಕೊಡಿ.)

ಅಂತ್ಯ ಖ: ಶುಕ್ರವಾರ ಸಿಸ್ಟರ್ ವರ್ಡೀ ಅಂಗಡಿಯೊಳಗೆ ಹೋಗುತ್ತಾರೆ. ಹರಳುಗಳ ಬೆಳಕಿನಲ್ಲಿ ಅವರ ಹಳೆಯ ನಂಬಿಕೆಗಳು ಕರಗುತ್ತವೆ. ಕಿಟಕಿಯ ಬಾವುಟ ಜಾರಿರುತ್ತದೆ; ಅವರೇ ನೆಟ್ಟಗೆ ಮಾಡುತ್ತಾರೆ.

“ಇದೇನಿದು?”

“ನೀವು ಬದಲಾಗ್ತೀರಿ. ಕಥೆಯಲ್ಲಿ ಪಾತ್ರ ಬದಲಾಗಬೇಕು, ಸಿಸ್ಟರ್.”

“ನಾನೇ ಯಾಕೆ ಬದಲಾಗ್ಬೇಕು? ಓದೋರು ಚಪ್ಪಾಳೆ ತಟ್ತಾರೆ ಅಂತ ನನ್ನ ನಂಬಿಕೇನ ಹರಾಜಿಗಿಡ್ತೀಯಾ? ಆ ತೊಟ್ಟೀಲಿ ನಾನು ಹಳೇ ಮನುಷ್ಯಳಾಗಿ ಮುಳುಗಿ ಹೊಸಬಳಾಗಿ ಎದ್ದಿದ್ದೀನಿ. ಅದ್ರಲ್ಲಿ ಉಪ್ಪು ಕಲಸಿ ಜನ ನಿದ್ದೆ ಹೊಡೀತಾರೆ. ಅದು ತಪ್ಪು. ನಾಳೆನೂ ತಪ್ಪೇ.”

ಹರಿದರು. ನಾಲ್ಕು ಚೂರು.

ಅಂತ್ಯ ಗ: ಸಿಸ್ಟರ್ ವರ್ಡೀ ಮೌನ ಮುರಿಯುವುದಿಲ್ಲ. ರೇಲಿನ್ ಒಬ್ಬಳೇ ಹೋಗುತ್ತಾಳೆ. ಆಸ್ಪತ್ರೆಯ ಚೀಟಿಯಲ್ಲಿ ಜೊತೆಗೆ ಬಂದವರ ಹೆಸರಿನ ಜಾಗ ಖಾಲಿ.

ಇದನ್ನು ಹರಿಯಲಿಲ್ಲ. ಮಡಚಿ ಕೈಚೀಲದೊಳಗೆ ಹಾಕಿಕೊಂಡರು.

ಅಂತ್ಯ ಕ: ಶನಿವಾರ ಏಳನೆಯ ಸುತ್ತು. ಕೊಂಬು. ಆರ್ಭಟ. ನೆಲ ನಡುಗುತ್ತದೆ. ಇನ್ನೂರ ಹನ್ನೆರಡು ಅಡಿ ಗೋಡೆ ಒಳಮುಖವಾಗಿ ಕುಸಿಯುತ್ತದೆ, ಹರಳು ಪುಡಿಪುಡಿ, ಧೂಳಿನಲ್ಲಿ ಮುಳುಗಿ ಸಭೆ ಜಯಗೀತೆ ಹಾಡುತ್ತದೆ.

(ನಿಜ ಹೇಳಬೇಕೆಂದರೆ ಇದನ್ನು ಬರೆಯುವಾಗ ನನಗೆ ಬಹಳ ಖುಷಿಯಾಗಿತ್ತು.)

“ಇದು! ಇದು ಬರವಣಿಗೆ ಅಂದ್ರೆ. ಧೂಳು ಚೆನ್ನಾಗಿ ಬಂದಿದೆ.” ಎರಡನೇ ಸಲ ಓದಿದರು. ಮೂರನೇ ಸಲ ಓದುವಾಗ ಬೆರಳು ಒಂದು ಸಾಲಿನ ಮೇಲೆ ನಿಂತಿತು. “ಗೋಡೆ ಒಳಮುಖವಾಗಿ ಬೀಳತ್ತಾ?”

“ಹೌದು.”

“ಆಗ ರೇಲಿನ್ ಎಲ್ಲಿರ್ತಾಳೆ?”

“ಬರೆದಿಲ್ಲ.”

“ಯಾಕ್ ಬರೆದಿಲ್ಲ?”

“ನೀವು ಐದು ದಿನ ಸುತ್ತಿದಿರಲ್ಲ, ಸಿಸ್ಟರ್. ಅವಳು ಎಲ್ಲಿರ್ತಾಳೆ ಅಂತ ನೀವು ಅಂದ್ಕೊಂಡಿದ್ರಿ?”

ನಾನು ಹಾಗೆ ಕೇಳಬಾರದಿತ್ತು. ಕೇಳಿಬಿಟ್ಟೆ.

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಅರವತ್ತು ವರ್ಷದಿಂದ ಬೈಬಲಿನ ವಾಕ್ಯವನ್ನು ಬಾಯಿಪಾಠ ಮಾಡಿದ ಹೆಂಗಸು, ನನಗೆ ಬೆನ್ನು ಮಾಡಿಕೊಂಡೇ ಹೇಳಿದರು: “ಯೆರಿಕೋದಲ್ಲಿ ಒಂದು ಮನೆ ಉಳೀತು. ಗೋಡೆ ಮೇಲಿದ್ದ ಮನೆ. ಕಿಟಕಿಗೆ ಕೆಂಪು ದಾರ ಕಟ್ಟಿತ್ತು. ಆ ಮನೆ ಹೆಂಗಸಿನ ಹತ್ರ ದೇವರ ಜನ ಮೊದಲೇ ಹೋಗಿ ಮಾತಾಡಿದ್ರು. ಮಾತು ಕೊಟ್ಟಿದ್ರು. ಕೈಹಿಡಿದು ಈಚೆ ಕರ್ಕೊಂಡು ಬಂದ್ರು.” ಆಮೇಲೆ, “ಎಷ್ಟು ಸಲ ಪಾಠ ಮಾಡಿದ್ದೀನಿ ಇದನ್ನ, ಮಕ್ಕಳಿಗೆ” ಎಂದರು.

“ಹಾಗಾದ್ರೆ ನಾಳೆ?”

“ನಾಳೆ ಏನು ಬರೀಬೇಕು ಅಂತ ನಿಂಗೆ ಹೇಳಲ್ಲ. ನೀನು ಕೆಡಿಸ್ತೀಯ.”

೯

ಶುಕ್ರವಾರ ಬೆಳಿಗ್ಗೆ ಏಳು. ಆರನೆಯ ದಿನ. ಪಾಸ್ಟರ್ ಟ್ರಾಯ್ ಕರುವಿನಂತೆ ಊದಿದರು. ಸಾಲು ಹೊರಟಿತು. ಸಿಸ್ಟರ್ ವರ್ಡೀ ಎಂದಿನ ಜಾಗದಲ್ಲಿ, ತುಟಿ ಬಿಗಿದು. ನನಗೆ ನಿರಾಸೆಯಾಯಿತು, ಅಂತ್ಯ ಗ ಅವರ ಕೈಚೀಲದಲ್ಲೇ ಇದೆ ಎಂದುಕೊಂಡೆ.

ಎರಡನೆಯ ಮೂಲೆ ದಾಟಿದಾಗ ರೇಲಿನ್ ಅಂಗಡಿಗೆ ಬೀಗ ಹಾಕುವುದು ಕಂಡಿತು. ನಮ್ಮ ಕಡೆ ನೋಡಲಿಲ್ಲ. ಕಾರು ಹತ್ತಿದಳು. ಎಂಜಿನ್ ಶುರುವಾಯಿತು. ಕಾರು ರಸ್ತೆಗಿಳಿಯಿತು.

“ರೇಲಿನ್!”

ಎಪ್ಪತ್ತನಾಲ್ಕು ವರ್ಷದ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

“ರೇಲಿನ್! ನಿಲ್ಸೇ! ನಾನೂ ಬರ್ತೀನಿ!”

ಮುಂದಿನದು ನಮ್ಮಂಥ ಜನರಿಂದ ಮಾತ್ರ ಆಗಬಹುದಾದ ಪ್ರಮಾದ. ಸಿಸ್ಟರ್ ವರ್ಡೀ ಕೂಗಿದರೆಂದರೆ ಶನಿವಾರವೇ ಇರಬೇಕು, ತಾವೇ ದಿನ ತಪ್ಪಿಸಿಕೊಂಡಿರಬೇಕು ಎಂದು ಪಾಸ್ಟರ್ ಟ್ರಾಯ್‌ಗೆ ಅನ್ನಿಸಿತು. ಕೊಂಬೆತ್ತಿ ಆ ನೀಳ ನಾದ ಊದಿಯೇಬಿಟ್ಟರು. ಅಭ್ಯಾಸ ಫಲಿಸಿತ್ತು. ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ತಿರುಗಿ ಬಂತು. ಕೊಂಬಿನ ಹಿಂದೆ ಆರ್ಭಟವೆಂಬುದು ಎಲ್ಲರ ರಕ್ತದಲ್ಲಿತ್ತು. ಬ್ರದರ್ ಎಲ್ಡನ್ ಟೋಪಿ ಗಾಳಿಗೆಸೆದು “ಜಯ!” ಎಂದು ಕಿರುಚಿದರು. ಏಳು ಜನ ಅವರ ಜೊತೆ ಕಿರುಚಿದರು. ನಾನೂ ಕಿರುಚಿದೆ. ಆರು ದಿನ ಕಟ್ಟಿಟ್ಟ ದನಿ ಒಂದೇ ಸಲಕ್ಕೆ ಒಡೆಯಿತು.

ಕಾರು ನಿಂತಿತು. ಬ್ರೇಕಿನ ಕೆಂಪು ದೀಪ. ನಾನು ನೋಡಿದ ಯಾವ ಕೆಂಪೂ ಅಷ್ಟು ಚೆಂದವಿರಲಿಲ್ಲ.

ಸಿಸ್ಟರ್ ವರ್ಡೀ ಸಾಲು ಬಿಟ್ಟು ಓಡಿದರು. (ಓಡಿದರು ಎಂದೇ ಬರೆಯುತ್ತೇನೆ. ವೇಗ ಕಡಿಮೆಯಿತ್ತು, ಆದರೆ ವ್ಯಾಖ್ಯೆಯ ಪ್ರಕಾರ ಅದು ಓಟವೇ.) ಬಾಗಿಲು ತೆಗೆದರು, ಕೂತರು.

ಬ್ರದರ್ ಎಲ್ಡನ್ ಟೋಪಿ ಹೆಕ್ಕಿಕೊಂಡು ಕೇಳಿದರು: “ಈಗ ನಾವು ಗೆದ್ವಾ?”

ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಕಣ್ಣಲ್ಲೂ ನೀರಿತ್ತು. ಗೆದ್ದಿದ್ದೆವು.

೧೦

ಕಾರಿನೊಳಗೆ ನಾನಿರಲಿಲ್ಲ. ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದನ್ನು ಜೋಡಿಸಿದ್ದೇನೆ.

“ಹಾಳಾಯ್ತಲ್ಲ ಅಜ್ಜಿ, ನಿನ್ನ ಏಳು ದಿನ.”

“ಹಾಳಾಗ್ಲಿಲ್ಲ. ಕರ್ತನು ನಂಗೆ ಬೇರೆ ಕೋಟೆ ತೋರಿಸಿದ.”

“ಯಾವ್ದು?”

“ನನ್ನ ಬಾಯಿ. ಅದು ಮೊದ್ಲು ಬೀಳ್ಬೇಕಿತ್ತು. ನಿನ್ನ ಅಂಗಡಿ ಆಮೇಲೆ.”

“ಅಂದ್ರೆ ಇನ್ನೂ ಬಿಡಲ್ಲ?”

“ಬಿಡ್ತೀನಾ? ಭಾನುವಾರ ಮತ್ತೆ ಒಂದ್ರಿಂದ ಶುರು. ಈ ಸಲ ಮಾತಾಡ್ತಾ ಸುತ್ತೋದು. ಆ ತೊಟ್ಟಿ ಬಗ್ಗೆ ನಿಂಗೆ ಹೇಳೋದು ಬೇಕಾದಷ್ಟಿದೆ.”

“ನಂಗೂ ನಿಂಗೆ ಹೇಳೋದಿದೆ. ಬುಧವಾರದ್ದು.”

“ಹೇಳು. ಬಯ್ಯಿ. ದಾರಿ ಎರಡು ಗಂಟೆ ಇದೆ.”

ರೇಲಿನ್ ಬಯ್ದಳಂತೆ. ಇಪ್ಪತ್ತು ಮೈಲಿ ಬಯ್ದಳೆಂದು ಅಜ್ಜಿ, ಐದು ಮೈಲಿ ಎಂದು ಮೊಮ್ಮಗಳು. (ಎರಡೂ ಮಾಪನಗಳನ್ನು ಇಟ್ಟಿದ್ದೇನೆ, ಸರಾಸರಿ ತೆಗೆಯುವುದಿಲ್ಲ.) ಆಮೇಲೆ ಸಿಸ್ಟರ್ ವರ್ಡೀ ಮೊಮ್ಮಗಳ ಭುಜದ ಮೇಲೆ ಕೈಯಿಟ್ಟು ಬೈಬಲು ಹೇಳುವ ದೇವರ ಸರ್ವಾಯುಧಗಳನ್ನು, ಶಿರಸ್ತ್ರಾಣ, ಗುರಾಣಿ ಎನ್ನುತ್ತಾ, ಮಾತಿನಲ್ಲೇ ಒಂದೊಂದಾಗಿ ಅವಳಿಗೆ ತೊಡಿಸಿ, ಆ ಗಂಟಿಗೆ ಹೆಸರು ಹಿಡಿದು ಗದರಿ, ಗಟ್ಟಿಯಾಗಿ ಪ್ರಾರ್ಥಿಸಿದರು. ರೇಲಿನ್ ಬೇಡವೆನ್ನಲಿಲ್ಲ. ಆಮೆನ್ ಅಂದಳೆಂದು ಅಜ್ಜಿ. ಕೆಮ್ಮಿದೆನೆಂದು ಮೊಮ್ಮಗಳು.

೧೧

ಈಗ ನೀವು ಫಲಿತಾಂಶ ಕೇಳುತ್ತೀರಿ. ತುರ್ತು ವರದಿ ನಿನ್ನೆಯೇ ಬಂದಿದೆ. ನಾನು ಓದಿದ್ದೇನೆ, ಅಂಥ ಕಾಗದ ಓದುವುದು ನನ್ನ ಕಸುಬು. ಅದನ್ನು ಇಲ್ಲಿ ಬರೆದರೆ ನೀವು ಶುಕ್ರವಾರದ ಆ ಕೂಗನ್ನು ಕಾಗದದ ತಕ್ಕಡಿಯಲ್ಲಿ ತೂಗುತ್ತೀರಿ: ಒಳ್ಳೆಯದಾದರೆ ದೇವರು ಕೇಳಿದ, ಕೆಟ್ಟದಾದರೆ ಕೇಳಲಿಲ್ಲ. ಪ್ರಯೋಗ ಹಾಗೆ ನಡೆಯುವುದಿಲ್ಲ. ಕೂಗು ಕೇಳಿತು. ಕಾರು ನಿಂತಿತು. ಅದು ದಾಖಲಾದ ಫಲಿತಾಂಶ.

ರೇಲಿನ್‌ದೂ ಒಂದು ಆಕ್ಷೇಪವಿದೆ: “ಅಜ್ಜಿ ನನ್ನ ಅಂಗಡಿ ಮುಚ್ಚಿಸೋಕೇ ಬಂದಿದ್ಲು. ಅದಕ್ಕೆ ಸಕ್ಕರೆ ಸುರೀಬೇಡಿ.” ಸುರಿದಿಲ್ಲ. ಸಿಸ್ಟರ್ ವರ್ಡೀ ಹೇಳಿದರು: “ಕೊನೇಲಿ ಅವಳು ಸಭೆಗೆ ಬಂದಳು ಅಂತ ಬರಿ.” ಬರೆಯುವುದಿಲ್ಲ. “ಹಾಗಾದ್ರೆ ಬರಲಿಲ್ಲ ಅಂತಾನೂ ಬರೀಬೇಡ” ಎಂದರು. ಒಪ್ಪಿಕೊಂಡೆ.

ಇವತ್ತು ಭಾನುವಾರ. ಒಂದನೆಯ ದಿನ. ಈ ಸಾಲು ಬರೆಯುವಾಗ ನಾವು ಹನ್ನೆರಡು ಜನ ಗೋಡೆ ಸುತ್ತುತ್ತಿದ್ದೇವೆ. ಹನ್ನೆರಡನೆಯವಳು ಸುತ್ತುತ್ತಿರುವುದು ಅಜ್ಜಿಯನ್ನು ಸೋಲಿಸಲು. ಇಬ್ಬರೂ ತೋಳಿಗೆ ತೋಳು ಸೇರಿಸಿಕೊಂಡಿದ್ದಾರೆ, ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದಾರೆ, ಇಬ್ಬರಲ್ಲಿ ಯಾರೂ ಬಗ್ಗುತ್ತಿಲ್ಲ. ಉತ್ತರದ ಮೂಲೆ ಬಂತು. ಸಿಸ್ಟರ್ ವರ್ಡೀ, “ಇಲ್ಲಿ ಕೇಳು, ರೇಲಿನ್, ಒಂದೇ ಒಂದು ಮಾತು ಹೇಳ್ತೀನಿ” ಎನ್ನುತ್ತಿದ್ದಾರೆ. ಬ್ರದರ್ ಎಲ್ಡನ್ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಾರೆ. ಮೊಮ್ಮಗಳು ಬಾಯಿ ತೆರೆಯುತ್ತಾಳೆ. ಆರು ದಿನ ಇಬ್ಬರ ನಡುವೆ ಮುಚ್ಚಿದ್ದ ಮಾತು ಅದು. ಅದನ್ನು ಮುಗಿಸುವ ಅಧಿಕಾರ ಕಥೆ ಬರೆಯುವವನಿಗಿಲ್ಲ. ನಾನು ಪೆನ್ನು ಜೇಬಿಗೆ ಹಾಕಿಕೊಂಡು ಅವರ ಹಿಂದೆ ಆ ಮೂಲೆ ತಿರುಗುತ್ತಿದ್ದೇನೆ