ಎಡಿಷನಲ್ ಶೀಟಿನ ಗಂಟು

ತುಕ್ರನಿಗೆ ಆ ದಿನ ಕೊಟ್ಟಿದ್ದು ಒಂದೇ ಕೆಲಸ: ಬಾಯಿ ಮುಚ್ಚಿಕೊಂಡು ಕೂರುವುದು.

ಕೆನಡಾದ ಮಿಲ್ಟನ್ನಿನ ಗೋದಾಮಿನಲ್ಲಿ ಹನ್ನೆರಡು ವರ್ಷದಿಂದ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ, ಮೇಲಿನವರು ಕೆಳಗಿನವರು ಎಂದು ನೋಡದೆ ಎಲ್ಲರನ್ನೂ ಒಂದೇ ದನಿಯಲ್ಲಿ ಬೈಯುವ ಮನುಷ್ಯನಿಗೆ ಅದು ಸಣ್ಣ ಕೆಲಸವಲ್ಲ. ಆದರೆ ಹೇಳಿದವಳು ಮಗಳು ಕೃತಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದ ಅವಳಿಗೆ ಔಷಧಗಳ ವಿಷಯದ ಪರೀಕ್ಷೆಯಲ್ಲಿ ಮೂವತ್ತೆಂಟು ಬಂದಿತ್ತು. ಪಾಸಾಗಲು ಅರವತ್ತೈದು ಬೇಕು. ಫೇಲಾದವರನ್ನು ಕೋರ್ಸಿನಿಂದಲೇ ಹೊರಗೆ ಹಾಕುವುದು ಆ ಕಾಲೇಜಿನ ನಿಯಮ. ನನ್ನ ಪೇಪರನ್ನು ಯಾರೋ ಬದಲಿಸಿದ್ದಾರೆ ಎಂದು ಕೃತಿ ಅಪೀಲು ಹಾಕಿದ್ದಳು. ಇವತ್ತು ವಿಚಾರಣೆ.

“ಪಪ್ಪಾ, ನೀವು ಸಪೋರ್ಟ್ ಪರ್ಸನ್ ಅಷ್ಟೇ. ಮಾತಾಡ್ಬಾರ್ದು ಅಂತ ರೂಲ್ಸಲ್ಲೇ ಉಂಟು. ಪ್ಲೀಸ್, ಬೊಬ್ಬೆ ಹಾಕ್ಬೇಡಿ.”

“ನಾನು ಯಾವಾಗ ಬೊಬ್ಬೆ ಹಾಕಿದ್ದೇನೆ?” ಎಂದು ತುಕ್ರ ಬೊಬ್ಬೆ ಹಾಕಿದ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪುಷ್ಪಾವತಿ, “ಈಗ ಹಾಕಿದ್ದು ಎಂತದು ಮತ್ತೆ? ಪಕ್ಕದ ಮನೆ ನಾಯಿ ಎದ್ದು ಕೂತಿತು” ಎಂದಳು. ಮಗಳ ಕಡೆ ನೋಡಿ ಕಣ್ಣಲ್ಲೇ ಏನೋ ಹೇಳಿದಳು. ತುಕ್ರನಿಗೆ ಅದು ಕಂಡಿತು, ಅರ್ಥವಾಗಲಿಲ್ಲ.

ದಾರಿಯಲ್ಲಿ, ಪಿಕರಿಂಗಿನಲ್ಲಿ, ಚಂದ್ರಮೋಹನರು ಕಾರು ಹತ್ತಿದರು. ಮೈಸೂರಿನವರು, ನಲವತ್ತೈದು ವರ್ಷದ ಹಿಂದೆ ಕೆನಡಾಕ್ಕೆ ಬಂದು ಗಣಿತದ ಪ್ರೊಫೆಸರಾಗಿ ನಿವೃತ್ತರಾದವರು. ವಿದ್ಯಾರ್ಥಿಗಳ ಅಪೀಲುಗಳನ್ನು ಕೇಳುವ ಸಮಿತಿಗಳಲ್ಲಿ ಬಹಳ ವರ್ಷ ಕೂತಿದ್ದರು. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಪರಿಚಯವಾದ ಕೃತಿಗೆ ಈಗ ಅವರೇ ಸಲಹೆಗಾರರು.

ತುಕ್ರನಿಗೆ ತಡೆಯಲಿಲ್ಲ. “ಸರ್, ಈ ಕಮಿಟಿ ಗಿಮಿಟಿ ಎಲ್ಲ ಯಾಕೆ? ಸೀದಾ ಕೋರ್ಟಿಗೆ ಹಾಕುವ. ಲಾಯರ್ ನೋಟಿಸ್ ಹೋದ ಕೂಡಲೇ ಇವರ ಚಡ್ಡಿ ಒದ್ದೆಯಾಗ್ತದೆ.”

“ರೀ ತುಕ್ರ, ಜಡ್ಜು ಕೇಳೋ ಮೊದಲನೇ ಪ್ರಶ್ನೆ ಏನ್ ಗೊತ್ತಾ? ಕಾಲೇಜಲ್ಲಿ ಅಪೀಲು ಮಾಡಿದ್ರಾ ಅಂತ. ಕೋರ್ಟು ಮಾರ್ಕ್ಸ್ ಕೊಡಲ್ಲ ರೀ. ಕಾಲೇಜು ತನ್ನ ನಿಯಮ ತಾನೇ ಮುರಿದಿದ್ಯಾ, ಹುಡುಗಿ ಮಾತನ್ನ ಸರಿಯಾಗಿ ಕೇಳಿದ್ಯಾ, ಅಷ್ಟೇ ನೋಡೋದು. ಪೇಪರ್ ತೋರಿಸಿ ಅಂತ ಬರೆದು ಕೊಟ್ವಿ, ಹೋದ ವಾರ ಇವಳಿಗೆ ತೋರಿಸಿದ್ರು. ಇವತ್ತು ಅಪೀಲು. ಇದು ಬಿದ್ರೆ ಇಂಥ ದೂರು ವಿಚಾರಿಸೋಕೇ ಇರೋ ಸರ್ಕಾರದ ಓಂಬುಡ್ಸ್‌ಮನ್ ಆಫೀಸಿಗೆ ದೂರು. ಅಲ್ಲೂ ಆಗಲಿಲ್ಲ ಅಂದ್ರೆ ಆಮೇಲೆ ಕೋರ್ಟು.”

“ಹಾಗಾದ್ರೆ ನಾನು ಎಂತ ಮಾಡುದು?”

“ಸುಮ್ನೆ ಕೂತ್ಕೊಳೋದು. ನೀವು ಕೂಗಾಡಿದ್ರೆ ಅವರ ಕಣ್ಣಿಗೆ ಪೇಪರ್ ಕಾಣಲ್ಲ, ನೀವು ಕಾಣ್ತೀರಿ.”

ಹೆದ್ದಾರಿಯ ಎರಡೂ ಬದಿಗೆ ಏಪ್ರಿಲಿನ ಕೊಳಕು ಹಿಮ ಕರಗುತ್ತಿತ್ತು. ತುಕ್ರನ ಮನಸ್ಸು ಎಂಬತ್ತಮೂರನೆಯ ಇಸವಿಯ ಏಪ್ರಿಲಿಗೆ ಹೋಗಿ ನಿಂತಿತ್ತು.

ಬಂಟ್ವಾಳದ ಆಚೆ, ಗೇರು ಗುಡ್ಡೆಯ ನೆತ್ತಿಯಲ್ಲಿ ಒಂದು ಹೆಂಚಿನ ಹೈಸ್ಕೂಲು. ಪರೀಕ್ಷೆಯ ಕಾಲಕ್ಕೆ ಸರಿಯಾಗಿ ಗೇರುಹಣ್ಣು ಬಿದ್ದು ಗುಡ್ಡೆಯೆಲ್ಲ ಹುಳಿ ವಾಸನೆ. ಅಂಗಿಗೆ ಗೇರಿನ ಸೊನೆಯ ಕಲೆಯಿಲ್ಲದ ಹುಡುಗ ಆ ಶಾಲೆಯಲ್ಲಿ ಇರಲಿಲ್ಲ. ತುಕ್ರನ ಅಮ್ಮ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟು ದಿನವಿಡೀ ಬೀಡಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೂತು ಅವನು ಲೆಕ್ಕ ಮಾಡುತ್ತಿದ್ದ. ಒಂದು ಲೆಕ್ಕ ಮುಗಿದರೆ ಹತ್ತು ಬೀಡಿಗೆ ನೂಲು ಸುತ್ತಿಕೊಡಬೇಕು ಎಂದು ಅಮ್ಮನ ಕಟ್ಟಪ್ಪಣೆ. ಎರಡು ಸುತ್ತು, ತುದಿಯನ್ನು ಸುತ್ತಿನ ಒಳಗೆ ತೂರಿಸಿ ಒಂದೇ ಎಳೆತ. ಆ ಗಂಟು ಬೆಂಕಿ ತಾಗಿದರೆ ಬಿಟ್ಟೀತು, ಬೆರಳಿಗೆ ಬಿಡದು.

ಲೆಕ್ಕ ಕಲಿಸುತ್ತಿದ್ದವರು ರಾಜಲಕ್ಷ್ಮಿ ಟೀಚರ್. ಹತ್ತನೆಯವರಿಗೆ ಅವರು ಸೂತ್ರಗಳ ಜೊತೆಗೆ ಎಡಿಷನಲ್ ಶೀಟು ಕಟ್ಟುವುದನ್ನೂ ಕಲಿಸುತ್ತಿದ್ದರು. ಉತ್ತರ ಬರೆಯಲು ಹೆಚ್ಚಿಗೆ ತೆಗೆದುಕೊಂಡ ಹಾಳೆಗಳನ್ನು ಮುಖ್ಯ ಪತ್ರಿಕೆಯ ಮೂಲೆಗೆ ತೂತು ಮಾಡಿ ದಾರದಿಂದ ಕಟ್ಟಿ ಕೊಡಬೇಕಿದ್ದ ಕಾಲ ಅದು. ಟೀಚರು ಒಬ್ಬೊಬ್ಬರ ಕಟ್ಟನ್ನೂ ತೆಗೆದುಕೊಂಡು ದಾರ ಹಿಡಿದು ಜಾಡಿಸುವರು. ಹಾಳೆಗಳು ನೆಲಕ್ಕೆ ಉದುರಿದರೆ, “ಹೆಕ್ಕು. ನಿನ್ನ ಒಂದು ವರ್ಷ ಬಿದ್ದಿದೆ” ಎನ್ನುವರು. ಎಷ್ಟು ಜಾಡಿಸಿದರೂ ಬೀಳದಿದ್ದದ್ದು ತುಕ್ರನದು ಮಾತ್ರ.

“ಬೀಡಿ ಗಂಟು ಟೀಚರ್!” ಎಂದು ಹುಡುಗರು ನಗಾಡಿದಾಗ ಟೀಚರು ನಗಲಿಲ್ಲ. “ಹೌದಾ? ಹಾಗಾದ್ರೆ ಬಾ ಇಲ್ಲಿ ತುಕ್ರ, ಈ ಬುದ್ಧಿವಂತರಿಗೆಲ್ಲ ಕಲಿಸು” ಎಂದರು. ಅವತ್ತು ಒಂದು ಪೀರಿಯಡ್ಡು ಪೂರಾ ಅವನು ಮಾಸ್ತರನಾಗಿದ್ದ. ಜೀವಮಾನದಲ್ಲಿ ಅಷ್ಟು ಎದೆಯುಬ್ಬಿಸಿ ನಿಂತದ್ದು ಅವನಿಗೆ ಬೇರೆ ನೆನಪಿಲ್ಲ.

ಪಬ್ಲಿಕ್ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಅವನು ನಾಲ್ಕು ಎಡಿಷನಲ್ ಶೀಟು ಬರೆದ. ಅಮ್ಮನ ಕೆಂಪು ಬೀಡಿ ನೂಲಿನಿಂದಲೇ ಕಟ್ಟಿ ಕೊಟ್ಟ. ಬಂದದ್ದು ಹದಿನೇಳು. ಟೀಚರು ನಂಬಲಿಲ್ಲ. ಅವರೇ ಮರು ಎಣಿಕೆಗೆ ಅರ್ಜಿ ತುಂಬಿದರು. “ಬದಲಾವಣೆ ಇಲ್ಲ” ಎಂದು ಕಾರ್ಡು ಬಂತು. ಬರೆದ ಹುಡುಗನಿಗೆ ತನ್ನ ಪೇಪರನ್ನು ನೋಡುವ ಹಕ್ಕು ಆಗ ಇರಲಿಲ್ಲ. ಅಷ್ಟಕ್ಕೂ ಬಿಡದ ಟೀಚರು ಅವನನ್ನು ಬಸ್ಸು ಹತ್ತಿಸಿ ಮಂಗಳೂರಿನ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿಯ ಅಧಿಕಾರಿ ಒಂದು ಗಂಟೆ ಅವರ ಮಾತು ಕೇಳಿ, ಕನ್ನಡಕ ತೆಗೆದು, “ನೀವು ಇಷ್ಟು ಹೇಳುವಾಗ ಪೇಪರು ತರಿಸಿ ನೋಡುವ ಟೀಚರ್. ಹಾಳೆ ಕಡಿಮೆ ಉಂಟೋ ಏನೋ” ಎಂದರು.

ಹಾಳೆ ಕಡಿಮೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತುಕ್ರನ ತಲೆಗೆ ರಕ್ತ ಏರಿತು. “ಕಳ್ಳರು! ನನ್ನ ಹಾಳೆ ಬಿಚ್ಚಿ ಯಾವ ದೊಡ್ಡವರ ಮಗನಿಗೆ ಕಟ್ಟಿದ್ದೀರಿ?” ಎಂದು ಮೇಜಿನ ಮೇಲಿನ ಕಡತಗಳನ್ನು ಎರಡೂ ಕೈಯಿಂದ ಬಾಚಿ ನೆಲಕ್ಕೆ ಹಾಕಿದ. ಜವಾನರು ಅವನನ್ನು ಹೊರಗೆ ದಬ್ಬಿದರು. ಟೀಚರು ಮೊಣಕಾಲೂರಿ ಆ ಕಡತಗಳನ್ನು ಹೆಕ್ಕುತ್ತಿದ್ದದ್ದು ಬಾಗಿಲ ಸಂದಿಯಿಂದ ಕಂಡಿತು. ಪೇಪರು ತರಿಸುವ ಮಾತು ಮತ್ತೆ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಟೀಚರು ಬೈಯಲಿಲ್ಲ, ಒಂದು ಕಿತ್ತಳೆ ಸುಲಿದು ಅರ್ಧ ಕೊಟ್ಟರು. ಮರುವಾರವೇ ಅವನು ಮುಂಬಯಿಯ ಹೋಟೆಲಿಗೆ ಓಡಿಹೋದ. ಅಲ್ಲಿಂದ ದುಬೈ, ಅಲ್ಲಿಂದ ಇಲ್ಲಿಗೆ. ಟೀಚರಿಗೆ ಮುಖ ತೋರಿಸಲಿಲ್ಲ.

“ಪಪ್ಪಾ, ಎಕ್ಸಿಟ್!” ಎಂದಳು ಕೃತಿ. ಕಾಲೇಜಿನ ಊರು ವಿಟ್ಬಿ ಬಂದಿತ್ತು.

ಕಾಲೇಜಿನ ಎರಡನೇ ಮಹಡಿಯ ಕೋಣೆಯಲ್ಲಿ ಮೂವರು ಸದಸ್ಯರು. ನಡುವೆ ಬೆಳ್ಳಿಕೂದಲಿನ ಅಧ್ಯಕ್ಷೆ. ಎದುರಿಗೆ ಕೋರ್ಸಿನ ಮುಖ್ಯಸ್ಥ, ಎತ್ತರದ ಆಸಾಮಿ. ಎಲ್ಲವೂ ಇಂಗ್ಲಿಷಿನಲ್ಲೇ ನಡೆಯಿತು. ಮುಖ್ಯಸ್ಥ ನೀಲಿ ರಟ್ಟಿನ ಎರಡು ಉತ್ತರ ಪುಸ್ತಕಗಳನ್ನು ಮೇಜಿನ ಮೇಲಿಟ್ಟ. ಮೊದಲನೆಯದರಲ್ಲಿ ಉತ್ತರಗಳು ಸರಿಯಾಗಿವೆ, ಎರಡನೆಯದರಲ್ಲಿ ಅರ್ಧ ಪುಟ ಏನೋ ಗೀಚಿದೆ, ಅದಕ್ಕೇ ಮೂವತ್ತೆಂಟು ಎಂದ.

“ಎರಡನೆಯದು ತನ್ನದಲ್ಲ ಅನ್ನುತ್ತಾಳೆ. ಆದರೆ ರಟ್ಟಿನ ಮೇಲೆ ಇವಳದೇ ನಂಬರಿದೆ. ಅದಕ್ಕಿಂತ ಹೆಚ್ಚಾಗಿ, ಇದನ್ನು ನೋಡಿ. ಇಡೀ ಕಾಲೇಜಿನಲ್ಲಿ ಪುಸ್ತಕಗಳನ್ನು ದಾರದಿಂದ ಕಟ್ಟಿ ಕೊಡುವ ವಿದ್ಯಾರ್ಥಿನಿ ಇವಳೊಬ್ಬಳೇ.”

ತುಕ್ರ ಕತ್ತು ಚಾಚಿದ. ಎರಡು ಪುಸ್ತಕಗಳ ಮೂಲೆಯಲ್ಲಿ ತೂತು. ತೂತಿನಲ್ಲಿ ಕೆಂಪು ನೂಲು.

ಕೃತಿ ಆರನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಅವಳನ್ನು ಅಡುಗೆಮನೆಯ ಮೇಜಿನಲ್ಲಿ ಕೂರಿಸಿ ಅವನೇ ಆ ಗಂಟು ಕಲಿಸಿದ್ದ. ಹಾಳೆ ಕಟ್ಟದೆ ಕೊಡಬೇಡ ಎಂದಿದ್ದ. ಇಲ್ಲಿ ಯಾರೂ ಹಾಗೆ ಕಟ್ಟುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ.

“ನಾನು ಕಟ್ಟುತ್ತೇನೆ, ನಿಜ. ಆದರೆ ಇದು ನನ್ನ ಗಂಟಲ್ಲ” ಎಂದಳು ಕೃತಿ. “ಹೋದ ವಾರ ಪೇಪರ್ ತೋರಿಸಿದಾಗಲೇ ನೋಡಿದೆ. ಯಾರೋ ನೂಲು ಬಿಚ್ಚಲಾಗದೆ ಕತ್ತರಿಸಿದ್ದಾರೆ. ಬೇರೆ ಪುಸ್ತಕ ಸೇರಿಸಿ ಅದೇ ನೂಲಿನಿಂದ ಮತ್ತೆ ಕಟ್ಟಿದ್ದಾರೆ.”

ಮುಖ್ಯಸ್ಥ ನಕ್ಕುಬಿಟ್ಟ. “ಗಂಟು ಅಂದಮೇಲೆ ಗಂಟು. ಒಂದು ದಿನ ಒಂದು ತರಹ, ಇನ್ನೊಂದು ದಿನ ಇನ್ನೊಂದು ತರಹ. ಇಂಥ ಕಥೆಗಳಿಗೆ ನಮ್ಮ ಸಮಯ ಹಾಳಾಗಬೇಕೇ?”

ಆ ನಗೆಗೆ ತುಕ್ರನ ತಲೆಗೆ ಮೂವತ್ತನಾಲ್ಕು ವರ್ಷದ ಹಿಂದಿನ ಹಾಗೆಯೇ ರಕ್ತ ಏರಿತು. ಅವನು ಕುರ್ಚಿಯಿಂದ ಅರ್ಧ ಎದ್ದ. ಮೂವರೂ ಸದಸ್ಯರು ಪೇಪರು ಬಿಟ್ಟು ಅವನನ್ನೇ ನೋಡಿದರು. ಚಂದ್ರಮೋಹನರ ಕೈ ಅವನ ತೊಡೆಯ ಮೇಲೆ ಬಿತ್ತು. ಆದರೆ ಅವನನ್ನು ಕೂರಿಸಿದ್ದು ಆ ಕೈಯಲ್ಲ. ನೆಲದ ಮೇಲೆ ಮೊಣಕಾಲೂರಿ ಕಡತ ಹೆಕ್ಕುತ್ತಿದ್ದ ಒಂದು ಹತ್ತಿ ಸೀರೆ ಕಣ್ಣ ಮುಂದೆ ಬಂತು. ತುಕ್ರ ಕೂತ. ಹಲ್ಲು ಕಚ್ಚಿದ್ದಕ್ಕೆ ದವಡೆ ನೋಯಿತು.

“ನಿನ್ನ ಗಂಟು ತೋರಿಸು” ಎಂದರು ಅಧ್ಯಕ್ಷೆ.

ಕೃತಿ ಬ್ಯಾಗಿನಿಂದ ನೂಲು ತೆಗೆದು ಎರಡು ಖಾಲಿ ಹಾಳೆಗಳನ್ನು ಕಟ್ಟಿದಳು. ಅಧ್ಯಕ್ಷೆ ಎಳೆದರು, ಉಗುರಿನಿಂದ ಕೆದಕಿದರು, ಬಿಡಲಿಲ್ಲ. “ಯಾರು ಕಲಿಸಿದ್ದು?”

“ನಮ್ಮ ಅಪ್ಪ.”

ಅಧ್ಯಕ್ಷೆ ತುಕ್ರನ ಕಡೆ ತಿರುಗಿದರು. “ನೀವು ಇಲ್ಲಿ ಮಾತಾಡುವ ಹಾಗಿಲ್ಲ. ಕಟ್ಟುವುದಕ್ಕೆ ಅಡ್ಡಿಯಿಲ್ಲ.”

ತುಕ್ರ ಮಗಳ ಕೈಯಿಂದ ನೂಲು ತೆಗೆದುಕೊಂಡ. ಎರಡು ಸುತ್ತು, ಒಳಗೆ ತೂರಿಸಿ ಒಂದೇ ಎಳೆತ. ಮಗಳ ಗಂಟಿನ ಪಕ್ಕಕ್ಕೆ ಇಟ್ಟ. ಎರಡೂ ಒಂದೇ ಕೈಯವು ಎನ್ನುವ ಹಾಗಿದ್ದವು. ಪರೀಕ್ಷೆಯ ಪುಸ್ತಕದ ಮೇಲಿದ್ದದ್ದು ಚೀಲದ ಬಾಯಿಗೆ ಹಾಕುವಂಥ ದಪ್ಪ ಗಂಟು.

ಆಗ ಕೃತಿ ತನ್ನ ಕೋರಿಕೆ ಓದಿದಳು. ಅವತ್ತು ಪರೀಕ್ಷೆ ಬರೆದ ಎಲ್ಲರ ಪುಸ್ತಕಗಳ ಮೂಲೆಗಳನ್ನು ನೋಡಬೇಕು. ತನ್ನ ನಿಜವಾದ ಎರಡನೇ ಪುಸ್ತಕ ಅವುಗಳಲ್ಲಿ ಇದ್ದರೆ ಅದಕ್ಕೂ ತೂತು ಇದ್ದೇ ಇರುತ್ತದೆ. ಬೇರೆ ವಿದ್ಯಾರ್ಥಿಗಳ ಗುಟ್ಟು ಹೊರಬೀಳುತ್ತದೆ ಎಂದು ಮುಖ್ಯಸ್ಥ ತಕರಾರು ತೆಗೆದ. “ನಾನೇ ನೋಡುತ್ತೇನೆ, ಮೂಲೆ ಮಾತ್ರ” ಎಂದು ಅಧ್ಯಕ್ಷೆ ಎದ್ದರು.

ನಲವತ್ತು ನಿಮಿಷ ಅವರು ಹೊರಗಿನ ಬೆಂಚಿನಲ್ಲಿ ಕೂತರು. ಮತ್ತೆ ಕರೆದಾಗ ಮೇಜಿನ ಮೇಲೆ ಮೂರನೇ ಪುಸ್ತಕವಿತ್ತು. ಅದರ ಮೂಲೆಯಲ್ಲಿ ಒಂದು ತೂತು. ರಟ್ಟಿನ ನಂಬರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಇನ್ನೊಂದು ನಂಬರು ಬರೆದಿತ್ತು. ಒಳಗೆ ಕೃತಿಯ ಅಕ್ಷರದಲ್ಲಿ ಒಂಬತ್ತು ಪುಟ.

ಮೂವತ್ತೆಂಟು ರದ್ದು, ಈ ಪುಸ್ತಕವನ್ನು ಹೊರಗಿನ ಪರೀಕ್ಷಕರು ನೋಡುತ್ತಾರೆ, ಅಲ್ಲಿಯವರೆಗೆ ಕೋರ್ಸಿನಿಂದ ತೆಗೆಯುವಂತಿಲ್ಲ, ಯಾರು ಬದಲಿಸಿದರು ಎಂಬುದಕ್ಕೆ ಬೇರೆ ತನಿಖೆ ಎಂದು ಅಧ್ಯಕ್ಷೆ ಹೇಳಿದರು. ಲಿಖಿತ ಆದೇಶ ಹತ್ತು ದಿನದಲ್ಲಿ. ಮುಖ್ಯಸ್ಥ ತಲೆ ಎತ್ತಲಿಲ್ಲ.

ಪಾರ್ಕಿಂಗಿನಲ್ಲಿ ಚಂದ್ರಮೋಹನರು, “ಈಗ ಕೂಗಾಡ್ಬಹುದು ರೀ, ಕಾರ್ಯಕ್ರಮ ಮುಗೀತು” ಎಂದರು. ತುಕ್ರ ಬಾಯಿ ತೆರೆದ. ಕೂಡಿಟ್ಟಿದ್ದ ಬೈಗುಳ ಒಂದೂ ಬರಲಿಲ್ಲ.

“ಆ ನೂಲು ಎಲ್ಲಿಂದ?” ಎಂದು ಮಗಳನ್ನು ಕೇಳಿದ.

“ಅಜ್ಜಿದು. ಬಿಸ್ಕತ್ ಡಬ್ಬದಲ್ಲಿ ಉಂಡೆ ಇತ್ತಲ್ಲ, ಮಮ್ಮಿ ಕೊಟ್ಟದ್ದು. ಎಲ್ಲ ಎಕ್ಸಾಮಿಗೂ ಕಟ್ತೇನೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ಗಂಟು ಬದಲಾಗಿದೆ ಅಂತ ಗೊತ್ತಾದ್ರೆ ನೀವು ಅವತ್ತೇ ಬಂದು ಇಲ್ಲಿ ಟೇಬಲ್ ಮಗುಚುತ್ತಿದ್ರಿ. ಮಮ್ಮಿನೇ ಹೇಳ್ಬೇಡ ಅಂದದ್ದು.”

“ಅದು ಸರಿ” ಎಂದ ತುಕ್ರ. “ಒಂದು ಕಾಗದ ಕೊಡು ಮಾರಾಯ್ತಿ. ಪೆನ್ನೂ.”

ರಾಜಲಕ್ಷ್ಮಿ ಟೀಚರು ಪುತ್ತೂರಿನಲ್ಲಿ ತಮ್ಮನ ಮಗಳ ಮನೆಯಲ್ಲಿದ್ದಾರೆ, ಎಂಬತ್ತು ದಾಟಿದರೂ ಪೇಪರು ಓದುತ್ತಾರೆ ಎಂದು ಊರಲ್ಲಿರುವ ತಂಗಿ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಪ್ರತಿ ಸಲ ಅವನು ಮಾತು ಬದಲಿಸಿದ್ದ. ಈಗ ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಗಾಳಿಗೆ ಹಾರದಂತೆ ಮೊಣಕೈ ಊರಿ, ಶಾಲೆ ಬಿಟ್ಟ ಮೇಲೆ ಸಹಿಗಷ್ಟೇ ಬಳಸಿದ್ದ ಅಕ್ಷರಗಳಲ್ಲಿ ಬರೆಯತೊಡಗಿದ. ಟೀಚರ್, ನಾನು ತುಕ್ರ. ನೀವು ಅವತ್ತು ಹೆಕ್ಕಿದ ಕಡತಗಳ ವಿಷಯ.

ಚಂದ್ರಮೋಹನರು ಚಳಿಗೆ ಕಾರಿನೊಳಗೆ ಹೋಗಿ ಕೂತರು. ಕೃತಿ ಕಾಯುತ್ತ ನಿಂತಳು. ಹಾಳೆಯ ಎರಡೂ ಬದಿ ತುಂಬಿದ ಮೇಲೆ ತುಕ್ರ ಕೈ ಚಾಚಿದ.

“ಎಡಿಷನಲ್ ಶೀಟ್ ಉಂಟಾ?”

ಅವಳು ನಗುತ್ತ ಇನ್ನೊಂದು ಹಾಳೆ ಕೊಟ್ಟಳು. ಜೊತೆಗೆ ಒಂದು ಗೇಣು ಕೆಂಪು ನೂಲು.